ಒಂದೇ ಸೀಟಿನ ಕಾರು

ಎರಡನೆಯ ಬುಟ್ಟಿ ಸಗಣಿಯೂ ತೊಟ್ಟಿಗೆ ಬಿದ್ದಿತ್ತು. ವಿದ್ಯಾವತಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೊಳಕೈವರೆಗೆ ಕೈ ಇಳಿಸಿ ಗಂಟು ಒಡೆಯುತ್ತಿದ್ದಳು. ಮೇವಿನ ದಂಟು, ಬಣವೆಯ ಕಸ ಕೈಗೆ ಸಿಕ್ಕಿದ್ದನ್ನು ಆರಿಸಿ ಹೊರಗೆ ಎಸೆಯಬೇಕು. ಇಲ್ಲದಿದ್ದರೆ ಗೋಬರ್ ಗ್ಯಾಸಿನ ಬಾವಿಯೊಳಗೆ ಅದು ಕೆನೆ ಕಟ್ಟಿಕೊಂಡು ಗ್ಯಾಸು ಮೇಲೆ ಬರುವುದಿಲ್ಲ. ನೀರು ಹೊಯ್ದು, ಕಲಸಿ, ಅಂಬಲಿಯಷ್ಟು ತೆಳುವಾದ ಮೇಲೆ ಬೆಣೆ ಎಳೆದು ಒಳಗೆ ಬಿಟ್ಟಳು. ಗುಳುಗುಳು ಸದ್ದು ಮಾಡಿ ಎಲ್ಲ ಒಳಗೆ ಇಳಿಯಿತು.

ಇಂಡಿ ಊರಿನ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಈ ಕೆಲಸ ಅವಳದೇ. ಮೊದಲೆಲ್ಲ ಈ ಗ್ಯಾಸು ಪೈಪಿನಲ್ಲಿ ಅಡುಗೆಮನೆಗೆ ಬರುತ್ತಿತ್ತು. ಅದರ ಮೇಲೆ ಅವಳು ರೊಟ್ಟಿ ಸುಡುತ್ತಿದ್ದಳು. ಈಗ ಪೈಪು ದನದ ಕೊಟ್ಟಿಗೆಯ ಕಡೆ ತಿರುಗಿತ್ತು. ಅಲ್ಲಿ ಎಮ್ಮೆಗಳನ್ನು ಒಂದು ಬದಿಗೆ ಸರಿಸಿ ಭವಿಷ್ಯದ ಕಾರು ನಿಂತಿತ್ತು.

ಕಾರು ಅವಳ ಗಂಡ ಚನ್ನಬಸಯ್ಯನದು. ಅವನು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳುತ್ತಿದ್ದ. ಪೆಟ್ರೋಲು ಮುಗಿದ ಮೇಲಿನ ಜಗತ್ತಿನಲ್ಲಿ ಜನ ಹೇಗೆ ಓಡಾಡುತ್ತಾರೆ ಎಂಬುದು ಅವನ ಚಿಂತೆ. ಎರಡು ವರ್ಷದ ಹಿಂದೆ ಒಂದು ಸಂಜೆ ದೊಡ್ಡ ಹಾಳೆಯ ಮೇಲೆ ಕಾರಿನ ನಕ್ಷೆ ಬರೆದು, ಊಟದ ತಾಟು ಸರಿಸಿ ಅವಳ ಮುಂದೆ ಹರಡಿದ್ದ. ನಕ್ಷೆಯಲ್ಲಿ ಎರಡು ಸೀಟು ಒಂದರ ಪಕ್ಕ ಒಂದಿದ್ದವು. ಎಡಗಡೆಯದನ್ನು ಪೆನ್ಸಿಲ್ಲಿನಿಂದ ತೋರಿಸಿ, "ಇದು ನಿಂದು. ಮೊದಲ ನಿನ್ನ ತಾಂಬಾಕ್ಕ ಕರ್ಕೊಂಡ ಹೋಗ್ತೇನಿ" ಅಂದಿದ್ದ.

ತಾಂಬಾದಲ್ಲಿ ಅವಳ ಅಕ್ಕ ಜಯಮಾಲಾ ಇದ್ದಳು. ತಾಂಬಾ ದೂರದ ಊರೇನಲ್ಲ. ಟೆಂಪೋ ಹೋಗುತ್ತವೆ. ಮೊದಲು ವಿದ್ಯಾವತಿ ಟೆಂಪೋ ಹತ್ತಿಯೇ ಆಗೀಗ ಹೋಗಿಬರುತ್ತಿದ್ದಳು. ನಕ್ಷೆ ಬರೆದ ಮೇಲೆ ಅದು ನಿಂತಿತು. ಅವಳು ತಾಂಬಾದ ಮಾತೆತ್ತಿದರೆ ಚನ್ನಬಸಯ್ಯ, "ಕಾರ ಆಗ್ಲಿ ತಡಿ. ಟೆಂಪೋದಾಗ ಯಾಕ ತುರಕಿಸ್ಕೊಂಡ ಹೋಗ್ತಿ?" ಅನ್ನುತ್ತಿದ್ದ. ಪ್ರೀತಿಯಿಂದಲೇ ಅನ್ನುತ್ತಿದ್ದ. ಕಾರು ಬರುವುದಕ್ಕೆ ಮುಂಚೆ ಅವಳು ತಾಂಬಾಕ್ಕೆ ಹೋಗುತ್ತಿದ್ದಳು. ಕಾರು ಶುರುವಾದ ಮೇಲೆ ಹೋಗಲಿಲ್ಲ.

ನಕ್ಷೆ ಬದಲಾಗುತ್ತ ಹೋಯಿತು. ಗಾಳಿಯ ತಡೆ ಕಡಿಮೆಯಾಗಲಿ ಎಂದು ಪಕ್ಕದ ಸೀಟು ಹಿಂದಕ್ಕೆ ಹೋಯಿತು. ಹಿಂದೆ ಹೋದ ಸೀಟು ಆಮೇಲೆ ಸಣ್ಣದಾಯಿತು. ಸಗಣಿಯ ಗ್ಯಾಸು ಇದ್ದ ಹಾಗೆ ಎಂಜಿನ್ನಿಗೆ ಬಿಟ್ಟರೆ ಕಬ್ಬಿಣ ತಿನ್ನುತ್ತದೆಂದು, ಅದನ್ನು ಸೋಸಲು ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಒಂದು ಡಬ್ಬಿ ಬೇಕಾಯಿತು. ಆ ಡಬ್ಬಿ ಸೀಟಿನ ಜಾಗದಲ್ಲಿ ಕುಳಿತಿತು. ವಿದ್ಯಾವತಿ ಕೇಳಿದಾಗ ಚನ್ನಬಸಯ್ಯ ಸಮಾಧಾನವಾಗಿ ತಿಳಿಸಿ ಹೇಳಿದ:

"ಸೀಟು ಹೋಗಿಲ್ಲ. ಮುಂದಿನ ಮಾಡೆಲ್ಲಿಗೆ ಹೋಗೈತಿ. ಕಾನ್ಸೆಪ್ಟ್ ಕಾರ ಅಂದ್ರ ಒಂದು ವಿಚಾರ. ವಿಚಾರದಾಗ ಒಬ್ಬರು ಕುಂತರ ಸಾಕು."

ಕಾರಿನ ಮೈಯನ್ನು ಕಟ್ಟಿಕೊಟ್ಟವನು ಟ್ರ್ಯಾಕ್ಟರಿನ ಟ್ರೇಲರು ಬೆಸೆಯುವ ಬಂದಗಿಸಾಬ. ಅದು ಮುಂದಿನಿಂದ ನೋಡಿದರೆ ಮೀನು, ಹಿಂದಿನಿಂದ ನೋಡಿದರೆ ಅಡ್ಡ ಬಿದ್ದ ಕೊಡ. ಬಾಗಿಲು ಕೋಳಿ ಮುಚ್ಚುವ ಬುಟ್ಟಿಯ ಹಾಗೆ ಮೇಲಕ್ಕೆ ಏಳುತ್ತಿತ್ತು. ಗ್ಯಾಸು ತುಂಬಿದ ರಬ್ಬರಿನ ದೊಡ್ಡ ಚೀಲವನ್ನು ತಲೆಯ ಮೇಲೆ ಹೊತ್ತಿತ್ತು. ಎಂಜಿನ್ನು ಹಳೆಯ ಆಟೋದ್ದು, ಗಾಲಿ ಮೊಪೆಡ್ಡಿನವು. ಹೊಸದು ಅಂತ ಇದ್ದದ್ದು ಆಕಾರ ಮತ್ತು ಹಳದಿ ಬಣ್ಣ. ಆದರೂ ಅದು ಓಡುತ್ತಿತ್ತು. ಕಾಲುವೆ ದಂಡೆಯ ದಾರಿಯಲ್ಲಿ ಚನ್ನಬಸಯ್ಯ ಅದನ್ನು ಎಷ್ಟೋ ಸಲ ಓಡಿಸಿ ನೋಡಿದ್ದ. ಒಂದು ಚೀಲ ಗ್ಯಾಸಿಗೆ ಸರಿಯಾಗಿ ತಾಂಬಾದ ತನಕ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದ. ತಿರುಗಿ ಬರುವುದಕ್ಕೆ ಸಾಲದು.

ಮುದ್ದೇಬಿಹಾಳದ ಒಂದು ಕಾಲೇಜಿನ ಮೈದಾನದಲ್ಲಿ ನಾಳಿನ ವಾಹನಗಳ ಪ್ರದರ್ಶನ ಇಟ್ಟಿದ್ದರು. ಭವಿಷ್ಯದ ಕಾರು ಅಲ್ಲಿಗೆ ಡೀಸೆಲ್ ಟೆಂಪೋದ ಬೆನ್ನೇರಿ ಹೊರಟಿತು. ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಚನ್ನಬಸಯ್ಯ, ಅವನ ಪಕ್ಕ ತಾಯಿ ಹೊನ್ನವ್ವ. ಹೊನ್ನವ್ವನ ಮಡಿಲಲ್ಲಿ ಪೂಜೆಯ ತಾಟು, ಸೆರಗಿನಲ್ಲಿ ಸ್ವಂತ ಗಿಡದ ನಾಲ್ಕು ನಿಂಬೆಹಣ್ಣು. ಹಿಂದೆ ಕಾರಿನ ಜೊತೆ ಬಂದಗಿಸಾಬ ಮತ್ತು ವಿದ್ಯಾವತಿ. ಗಾಳಿಗೆ ರಬ್ಬರ್ ಚೀಲ ಬಡಿದಾಡದಂತೆ ಅವಳು ಹಿಡಿದುಕೊಂಡು ಕೂರಬೇಕಿತ್ತು.

"ವೈನ್ಯಾರ, ಬಿಸಲ ಐತಿ. ಕಾರಿನ್ಯಾಗ ಕುಂದರ್ರಿ" ಅಂದ ಬಂದಗಿಸಾಬ.

ಮುಂದಿನಿಂದ ಚನ್ನಬಸಯ್ಯ ಬೇಡ ಅಂದ. ಸೀಟಿನ ಹೊದಿಕೆ ಬಿಳಿಯದು, ನೋಡುವವರ ಮುಂದೆ ಮಾಸಿದ್ದು ಚೆನ್ನಾಗಿ ಕಾಣುವುದಿಲ್ಲ. ವಿದ್ಯಾವತಿ ಸೆರಗು ತಲೆಗೆ ಎಳೆದುಕೊಂಡು ಕಾರಿನ ಗಾಲಿಗೆ ಒರಗಿ ಕುಳಿತಳು.

ತಾಂಬಾ ದಾರಿಯಲ್ಲಿಯೇ ಬಂತು. ಅವಳು ಮುಂಚೆಯೇ ಫೋನು ಮಾಡಿದ್ದಳು. ಜಯಮಾಲಾ ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. ಗಂಟಿನಲ್ಲಿ ಶೇಂಗಾ ಹೋಳಿಗೆ ಇರುತ್ತದೆಂದು ವಿದ್ಯಾವತಿಗೆ ಗೊತ್ತಿತ್ತು. ಟೆಂಪೋ ನಿಲ್ಲಲಿಲ್ಲ. ನಿಲ್ಲಿಸಿದರೆ ಜನ ಸೇರುತ್ತಾರೆ, ಹಗ್ಗ ಮುಟ್ಟುತ್ತಾರೆ, ಬರುವಾಗ ನಿಲ್ಲಿಸೋಣ ಎಂದು ಚನ್ನಬಸಯ್ಯ ಕಿಟಕಿಯಿಂದ ಕೂಗಿದ. ಜಯಮಾಲಾ ಗಂಟು ಮೇಲೆತ್ತಿ ನಾಲ್ಕು ಹೆಜ್ಜೆ ಓಡಿಬಂದು ನಿಂತಳು. ವಿದ್ಯಾವತಿಯ ಒಂದು ಕೈ ಚೀಲದ ಮೇಲಿತ್ತು. ಇನ್ನೊಂದು ಕೈ ಎತ್ತುವಷ್ಟರಲ್ಲಿ ಬೇವಿನ ಗಿಡ ಸಣ್ಣದಾಗಿತ್ತು.

ಸಿಂದಗಿಯಲ್ಲಿ ಚಹಾ ಕುಡಿದರು. ಬಸವನ ಬಾಗೇವಾಡಿಯಲ್ಲಿ ಹೊನ್ನವ್ವ ಗುಡಿಗೆ ಹೋಗಿ ಬರುವ ತನಕ ಕಾದರು. ಮುದ್ದೇಬಿಹಾಳ ಮುಟ್ಟಿದಾಗ ಮೈದಾನದಲ್ಲಿ ಶಾಮಿಯಾನ ಹಾಕಿತ್ತು, ಹುಡುಗರು ಸಾಲಾಗಿ ನಿಂತಿದ್ದರು.

ಬೆಳಗಾವಿ ಕಡೆಯಿಂದ ಬಂದ ಹಿರಿಯ ಪ್ರೊಫೆಸರೊಬ್ಬರು ನಿರ್ಣಾಯಕರು. ಅವರು ಕಾರಿನ ಸುತ್ತ ತಿರುಗಿ, ದಾರಿಯಲ್ಲಿ ಗ್ಯಾಸು ಮುಗಿದರೆ ಹೇಗೆ ಎಂದು ಕೇಳಿದರು. ಪ್ರತಿ ಹಳ್ಳಿಯಲ್ಲೂ ಗೋಬರ್ ಗ್ಯಾಸಿನ ಬಾವಿ ಇದೆ, ಯಾರ ಹಿತ್ತಲಲ್ಲಾದರೂ ಪೈಪು ಸಿಕ್ಕಿಸಿ ತುಂಬಿಸಿಕೊಳ್ಳಬಹುದು, ಅದೇ ನಾಳಿನ ಪೆಟ್ರೋಲ್ ಬಂಕು ಎಂದು ಚನ್ನಬಸಯ್ಯ ಹೇಳಿದ. ಹಿಂದೆ ನಿಂತಿದ್ದ ವಿದ್ಯಾವತಿ ತನಗೆ ಗೊತ್ತಿದ್ದ ಬಾವಿಗಳನ್ನು ಮನಸ್ಸಿನಲ್ಲೇ ನೆನೆದಳು. ಸಿಲಿಂಡರು ಬಂದ ಮೇಲೆ ಎಲ್ಲರೂ ಮುಚ್ಚಿ ಮಣ್ಣು ಹಾಕಿದ್ದರು. ತನ್ನ ಮನೆಯದು ಬಿಟ್ಟರೆ ಉಳಿದದ್ದು ತಾಂಬಾದ ಅಕ್ಕನ ಮನೆಯದೊಂದೇ. ಅವಳನ್ನು ಯಾರೂ ಕೇಳಿರಲಿಲ್ಲ.

ಇನ್ನು ಮೈದಾನಕ್ಕೆ ಎರಡು ಸುತ್ತು ಹಾಕಿ ತೋರಿಸಬೇಕು. ಹೊನ್ನವ್ವ ಕಾರಿಗೆ ಕುಂಕುಮ ಹಚ್ಚಿ, ಕಾಯಿ ಒಡೆಸಿ, ನಾಲ್ಕು ಗಾಲಿಯ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟಳು. ಇಂಡಿಯವರ ನಿಂಬೆಹಣ್ಣು ಹೇಗಿರುತ್ತದೆಂದು ಮುದ್ದೇಬಿಹಾಳದವರು ನೋಡಲಿ ಎಂದು ದಪ್ಪನೆಯವನ್ನೇ ಆರಿಸಿ ತಂದಿದ್ದಳು. ದಪ್ಪಗಿದ್ದವು, ಹಸಿರಾಗಿದ್ದವು, ಕಲ್ಲಿನಂತೆ ಗಟ್ಟಿಯಾಗಿದ್ದವು.

ಚನ್ನಬಸಯ್ಯ ಬುಟ್ಟಿ ಬಾಗಿಲು ಎತ್ತಿ ಒಳಗೆ ಹೊಕ್ಕ. ಎಂಜಿನ್ನು ಶುರುವಾಯಿತು. ಕಾರು ಒಂದು ಗೇಣು ಮುಂದೆ ಬಂದು, ನಿಂಬೆಹಣ್ಣಿಗೆ ತಾಗಿ, ನಡುಗಿ, ಬಂದ್ ಆಯಿತು. ಮತ್ತೆ ಶುರು ಮಾಡಿದ. ಮತ್ತೆ ಬಂದ್ ಆಯಿತು. ಗಾಳಿ, ಏರು, ತಗ್ಗು, ಮರಳು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದ. ನಿಂಬೆಹಣ್ಣನ್ನು ಹಿಡಿದಿರಲಿಲ್ಲ. ಗಿಡಗಳ ನಡುವೆಯೇ ಹುಟ್ಟಿ ಬೆಳೆದವನಿಗೆ ಅದು ಅಡ್ಡ ಬರುತ್ತದೆಂದು ಅನಿಸಿರಲಿಲ್ಲ.

ಹುಡುಗರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹಣ್ಣು ತೆಗೆದುಬಿಡೋಣ ಎಂದು ಕಾಲೇಜಿನವರೊಬ್ಬರು ಬಗ್ಗಿದರು. ಹೊನ್ನವ್ವ ತಾಟು ಅಡ್ಡ ಹಿಡಿದಳು.

"ಇಟ್ಟ ಲಿಂಬಿ ತೆಗಿತಾರೇನೋ ಯಪ್ಪಾ? ದಾಟೇ ಹೋಗ್ಬೇಕು. ತೆಗದ್ರ ಈ ಗಾಡಿ ನಾಳೆ ಯಾರ್ನರ ತಗೊಂಡ ಹೋಗ್ತೈತಿ."

ಪ್ರೊಫೆಸರು ಕೈಕಟ್ಟಿ ನಿಂತರು. ಅವರ ಕಾರಿಗೂ ನಿಂಬೆಹಣ್ಣು ಇಟ್ಟೇ ಹೊರಟಿರಬೇಕು. ತೆಗೆಯಿರಿ ಎಂದು ಅವರೂ ಹೇಳಲಿಲ್ಲ. ಹಿಂದಿನಿಂದ ನೂಕಿದರೆ ಸ್ಪರ್ಧೆಯಿಂದ ಹೊರಗೆ ಎಂಬುದು ನಿಯಮ. ಕೊನೆಗೆ ಒಂದು ಚರ್ಚೆ ನಡೆಯಿತು. ಹಣ್ಣು ಒಡೆಯಬೇಕಾದರೆ ಭಾರ ಹೆಚ್ಚು ಬೇಕು, ಹಣ್ಣು ಹತ್ತಬೇಕಾದರೆ ಭಾರ ಕಡಿಮೆ ಬೇಕು. ಇದರಲ್ಲಿ ಯಾವುದು ಸರಿ ಎಂದು ನಾಲ್ಕು ಜನ ಎಂಜಿನಿಯರುಗಳು ಬಿಸಿಲಿನಲ್ಲಿ ನಿಂತು ಮಾತಾಡಿದರು. ಹತ್ತುವುದೇ ಸರಿ ಎಂದಾಯಿತು.

ಬಂದಗಿಸಾಬ ಕಿಟಕಿಗೆ ಬಾಗಿದ. "ಸ್ವಾಮ್ಯಾರ, ಸಿಟ್ಟಾಗಬ್ಯಾಡ್ರಿ. ನೀವು ಇಳೀರಿ. ಕಾರಿಗಿಂತ ನಿಮ್ಮ ತೂಕಾನ ಜಾಸ್ತಿ ಐತಿ."

ಓಡಿಸುವವರು ತಂಡದಲ್ಲಿ ಹೆಸರಿದ್ದವರೇ ಆಗಿರಬೇಕು. ಪ್ರೊಫೆಸರು ಹೆಸರು ಓದಿದರು. ಚನ್ನಬಸಯ್ಯ. ಬಂದಗಿಸಾಬ, ಅವನು ಚನ್ನಬಸಯ್ಯನಿಗಿಂತ ದಪ್ಪ. ಮೂರನೆಯದು ವಿದ್ಯಾವತಿ, ಇಂಧನ ಪೂರೈಕೆ.

ತಂಡಕ್ಕೆ ಮೂವರು ಇರಲೇಬೇಕೆಂದಿದ್ದಕ್ಕೆ ಹಾಕಿದ್ದು ಎಂದು ಚನ್ನಬಸಯ್ಯ ಹೇಳಿದ. ತನ್ನ ಹೆಸರು ಅಲ್ಲಿದೆ ಎಂಬುದು ವಿದ್ಯಾವತಿಗೆ ಆಗಲೇ ಗೊತ್ತಾದದ್ದು. ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮದುವೆಯಾದ ಮೇಲೆ ಅವಳ ತೂಕದ ಬಗ್ಗೆ ಅವನು ವಿಚಾರ ಮಾಡಿದ್ದು ಅದೇ ಮೊದಲು ಇರಬೇಕು.

"ಕುಂದರ್ತಿಯೇನು?" ಅಂದ.

"ಹೊದಿಕಿ ಮಾಸಿದ್ರ?" ಅಂದಳು.

"ಮಾಸ್ಲಿ ಬಿಡು."

ಅವಳು ಕುಳಿತಳು. ಬಾಗಿಲು ಮೇಲಿನಿಂದ ಮುಚ್ಚಿಕೊಂಡಿತು, ಹೊರಗಿನ ಸದ್ದು ಕಡಿಮೆಯಾಯಿತು. ಚನ್ನಬಸಯ್ಯ ಕಿಟಕಿಯಲ್ಲಿ ಮುಖ ಇಟ್ಟು ಹೇಳಿಕೊಟ್ಟ. ಎಡಗಾಲು ಒತ್ತಬೇಕು, ಗೇರು ಹಾಕಬೇಕು, ಎಡಗಾಲು ಮೆಲ್ಲಗೆ ಬಿಡಬೇಕು, ಬಲಗಾಲು ಅಷ್ಟೇ ಮೆಲ್ಲಗೆ ಒತ್ತಬೇಕು. ಬ್ರೇಕು ನಡುವಿನದು. ಪೆಡಲುಗಳು ಅವಳ ಕಾಲಿಗೆ ಸರಿಯಾಗಿ ಎಟುಕುತ್ತಿದ್ದವು. ಅವನ ಮೊಳಕಾಲು ಸ್ಟೇರಿಂಗಿಗೆ ಬಡಿಯುವ ಜಾಗದಲ್ಲಿ ಅವಳಿಗೆ ಸೆರಗು ಸರಿಮಾಡಿಕೊಳ್ಳುವಷ್ಟು ತೆರಪಿತ್ತು.

ಮೊದಲ ಸಲ ಬಂದ್ ಆಯಿತು. ಎರಡನೆಯ ಸಲ ಕಾರು ನಿಂಬೆಹಣ್ಣಿಗೆ ತಾಗಿ, ತಡೆದು, ಹಿಂದಕ್ಕೆ ಬೀಳದೆ ಹಾಗೇ ನಿಂತಿತು. ಅವಳು ಕಾಲು ಒತ್ತಿಯೇ ಇಟ್ಟಳು. ಮುಂದಿನ ಬಲಗಡೆ ಎದ್ದಿತು. ಆಮೇಲೆ ಎಡಗಡೆ. ಗಾಲಿ ಮೇಲೇರಿ ನಿಂತ ಆ ಕ್ಷಣದಲ್ಲಿ ಕೆಳಗೆ ಪಚ್ ಎಂದಿತು, ಅದರ ಹಿಂದೆಯೇ ಇನ್ನೊಂದು. ಹಿಂದಿನ ಗಾಲಿಗಳ ಹಣ್ಣು ಒಡೆದದ್ದು ಅವಳಿಗೆ ಕೇಳಿಸಲೇ ಇಲ್ಲ. ಕಾರಿನೊಳಗೆಲ್ಲ ನಿಂಬೆಯ ವಾಸನೆ ತುಂಬಿತು.

ಮುಂದೆ ಬಿಳಿಯ ಸುಣ್ಣದ ಗೆರೆ, ಅದರಾಚೆ ಬಯಲು. ಎರಡು ವರ್ಷ ಅವಳು ಈ ಕಾರಿನಲ್ಲಿ ತಾಂಬಾಕ್ಕೆ ಹೋಗುವುದನ್ನು ನೆನೆಸಿಕೊಂಡಿದ್ದಳು. ಹಾಗೆ ನೆನೆಸುವಾಗ ಯಾವಾಗಲೂ ಎಡಗಡೆ ಕುಳಿತಿರುತ್ತಿದ್ದಳು, ಗಾಳಿಗೆ ಸೆರಗು ಹಿಡಿದುಕೊಂಡು, ಪಕ್ಕದವನು ಯಾವಾಗ ನಿಲ್ಲಿಸುತ್ತಾನೋ ನೋಡುತ್ತ. ಅಷ್ಟು ಸಲ ನೆನೆಸಿಕೊಂಡರೂ ಸ್ಟೇರಿಂಗು ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಅದು ಎರಡೂ ಕೈಯಲ್ಲಿತ್ತು. ಸಗಣಿ ಕಲಸುವಾಗ ಹಿಡಿಯುವ ತೊಟ್ಟಿಯ ಅಂಚಿಗಿಂತ ತೆಳ್ಳಗಿತ್ತು. ಅವಳು ತಿರುಗಿಸಿದ ಕಡೆಗೆ ಕಾರು ತಿರುಗಿತು. ಅದು ಅಷ್ಟು ಸರಳ ಎಂದು ಯಾರೂ ಹೇಳಿರಲಿಲ್ಲ.

ಎರಡು ಸುತ್ತು ಮುಗಿದವು. ಚನ್ನಬಸಯ್ಯ ಕೈ ಬೀಸಿ ನಿಲ್ಲಿಸು ಅಂದ. ಅವಳು ಇನ್ನೊಂದು ಸುತ್ತು ಹಾಕಿದಳು. ನಿಲ್ಲಿಸಲು ಬರಲಿಲ್ಲವೇನು ಎಂದು ಆಮೇಲೆ ಎಲ್ಲರೂ ಕೇಳಿದರು. ಹೌದು ಅಂದಳು.

ಗ್ರಾಮೀಣ ವಿಚಾರಕ್ಕೆ ಅಂತ ಒಂದು ಬಹುಮಾನ ಬಂತು. ಶಾಲು ಹೊದಿಸಿದಾಗ ಚನ್ನಬಸಯ್ಯ ಮೈಕಿನಲ್ಲಿ ಎರಡು ಮಾತಾಡಿದ. ಭಾರ ಕಡಿಮೆ ಮಾಡಿದರೆ ಎಂಥ ಅಡ್ಡಿಯನ್ನೂ ದಾಟಬಹುದು ಎಂಬುದನ್ನು ಇವತ್ತು ತೋರಿಸಿದೆವು ಅಂದ. ಚಪ್ಪಾಳೆ ಬಿದ್ದವು. ಹೊನ್ನವ್ವ ಒಡೆದ ನಿಂಬೆಯ ಸಿಪ್ಪೆಗಳನ್ನು ನೋಡಿ, "ನಮ್ಮ ಹಣ್ಣ ಹೆಂಗಿದ್ವು ನೋಡು, ಎಷ್ಟ ತಡದ್ವು" ಎಂದು ಸೊಸೆಗೆ ಹೇಳಿದಳು.

ತಿರುಗಿ ಬರುವಾಗ ತಾಂಬಾ ಬರಲಿಲ್ಲ. ಟೆಂಪೋದವನಿಗೆ ವಿಜಯಪುರದಲ್ಲಿ ಏನೋ ಹೇರುವುದಿತ್ತು, ಆ ದಾರಿಯಿಂದ ಬಂದರು.

ಮರುದಿನ ಬೆಳಗ್ಗೆ ವಿದ್ಯಾವತಿ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಗಂಟು ಒಡೆಯುತ್ತಿದ್ದಾಗ ಚನ್ನಬಸಯ್ಯ ಹೊಸ ಹಾಳೆ ಹಿಡಿದು ಹಿತ್ತಲಿಗೆ ಬಂದ. ಬುಧವಾರ ವಿಜಯಪುರಕ್ಕೆ ಹೋಗಿ ಪೇಪರಿನವರನ್ನು ನೋಡಿ ಬರುತ್ತೇನೆ, ಸಂಜೆಯಾಗುತ್ತದೆ ಅಂದ. ಆಮೇಲೆ ಹಾಳೆ ಬಿಡಿಸಿ ತೋರಿಸಿದ.

"ಇದರಾಗ ನಿನಗೊಂದು ಸೀಟು ಹಾಕೇನಿ ನೋಡು. ದೊಡ್ಡದು. ಎರಡ ವರ್ಷ ಹಿಡಿತೈತಿ."

ನಕ್ಷೆಯಲ್ಲಿ ಆ ಸೀಟು ಎಡಗಡೆ ಇತ್ತು.

"ಅವಸರೇನಿಲ್ರಿ" ಅಂದಳು ವಿದ್ಯಾವತಿ.

ಅವನಿಗೆ ಖುಷಿಯಾಯಿತು. ಇವಳು ಈಗ ತಿಳಿದುಕೊಳ್ಳುತ್ತಿದ್ದಾಳೆ ಎಂದುಕೊಂಡು ಒಳಗೆ ಹೋದ.

ಕೊಟ್ಟಿಗೆಯಲ್ಲಿ ಕಾರಿನ ಚೀಲ ಇಳಿಬಿದ್ದು ಮಲಗಿತ್ತು. ಬಿಳಿ ಹೊದಿಕೆಯ ಮೇಲೆ ಅವಳ ಸೀರೆಯ ನೀಲಿ ಬಣ್ಣ ಸ್ವಲ್ಪ ಹತ್ತಿದ್ದು ಇಲ್ಲಿಂದಲೇ ಕಾಣುತ್ತಿತ್ತು. ಅವಳು ಒಂದೇ ಸೀಟನ್ನು ನೋಡಿದಳು. ಪಕ್ಕದ ಸೀಟು ಹೋದಾಗಿನಿಂದ ಅದರ ಬಗ್ಗೆ ಅವಳ ಮನಸ್ಸಿನಲ್ಲಿ ಒಂದು ಬೇಜಾರು ಇತ್ತು. ಈಗ ನೋಡಿದರೆ ಸೀಟು ಸರಿಯಾಗಿಯೇ ಇತ್ತು. ಒಬ್ಬರಿಗೆ ಸಾಕು.

ಬುಧವಾರ ಸಂಜೆಯ ತನಕ ಅವನಿರುವುದಿಲ್ಲ. ತಾಂಬಾದ ಕಡೆಗೆ ಹೋಗುವ ಕಾಲುವೆ ದಂಡೆಯ ದಾರಿಯಲ್ಲಿ ಪೊಲೀಸರೂ ಇರುವುದಿಲ್ಲ. ಒಂದು ಚೀಲಕ್ಕೆ ತಾಂಬಾ ಮುಟ್ಟುತ್ತದೆ. ತಿರುಗಿ ಬರಲು ಅಕ್ಕನ ಹಿತ್ತಲಿನಲ್ಲಿ ಗ್ಯಾಸಿದೆ. ಅದು ತುಂಬುವಷ್ಟು ಹೊತ್ತು ಕೂತು ಮಾತಾಡಬಹುದು.

ಅವಳು ಎದ್ದು, ಎಮ್ಮೆಯ ಹಿಂದಿನಿಂದ ಇನ್ನೊಂದು ಬುಟ್ಟಿ ತುಂಬಿ ತಂದು ತೊಟ್ಟಿಗೆ ಸುರಿದಳು. ಒಳಗಿನಿಂದ ಹೊನ್ನವ್ವ, ಇವತ್ತೇನು ಮೂರು ಬುಟ್ಟಿ ಎಂದು ಕೇಳಿದಳು. ಎಮ್ಮೆ ಹೆಚ್ಚು ಹಾಕಿದೆ ಎಂದು ಹೇಳಿ ವಿದ್ಯಾವತಿ ನೀರು ಹೊಯ್ದಳು, ಮೊಳಕೈವರೆಗೆ ಕೈ ಇಳಿಸಿದಳು.