ಹಾಲವ್ವ ಅಳುವುದಿಲ್ಲ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಸಿನಿಮಾದ ಬಗ್ಗೆ ದೊಡ್ಡ ತಿಳುವಳಿಕೆ ಇಲ್ಲ, ಮಗ್ಗದ ಬಗ್ಗೆ ಇದೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸೀರೆ ನೇಯುತ್ತಿದ್ದೇನೆ. ಹನ್ನೊಂದು ವರ್ಷದಿಂದ ಹವ್ಯಾಸಿ ನಾಟಕ ಸಂಘದಲ್ಲಿ ಬಣ್ಣ ಹಚ್ಚುತ್ತಿದ್ದೇನೆ. ಸಿಕ್ಕಿದ್ದೆಲ್ಲ ಅತ್ತೆ, ನೆಗೆಣ್ಣಿ, ಸೂಲಗಿತ್ತಿ. ಬಂದು ನಾಲ್ಕು ಮಾತಾಡಿ ಒಳಗೆ ಹೋಗುವ ಪಾತ್ರಗಳು. ಈ ವರ್ಷ ಮೊದಲ ಸಲ 'ಅರ್ಧ ಸೀರೆ'ಯ ಹಾಲವ್ವ ನನ್ನ ಪಾಲಿಗೆ ಬಂದಳು. ಅವಳನ್ನು ಬಿಟ್ಟುಕೊಡುವ ಮನಸ್ಸು ನನಗೆ ಇರಲಿಲ್ಲ.

'ಅರ್ಧ ಸೀರೆ' ನಮ್ಮ ಕಡೆಯ ಹಳೆಯ ಕಂಪನಿ ನಾಟಕ. ಹಾಲವ್ವ ಗಂಡ ಸತ್ತ ನೇಕಾರ ಹೆಂಗಸು. ಊರ ಗೌಡ ಮಗಳ ಮದುವೆಗೆಂದು ಅವಳಿಗೆ ಸೀರೆ ಹೇಳಿರುತ್ತಾನೆ. ಅರ್ಧ ಆದ ಮೇಲೆ ಮನೆಗೆ ಬಂದು, ಮುಂಡೆ ನೇಯ್ದ ಸೀರೆ ಮದುವೆಗೆ ಬರುವುದಿಲ್ಲ, ನೇಯುವುದು ನೀನೇ ನೇಯಿ, ನೇಯ್ದವನು ಮೈದುನ ಅಂತ ಹೇಳು ಅನ್ನುತ್ತಾನೆ. ಹಾಲವ್ವ ಎದ್ದು ಸೀರೆಯನ್ನು ಅರ್ಧಕ್ಕೇ ಕತ್ತರಿಸಿ ಅವನ ಹೆಗಲ ಮೇಲೆ ಹಾಕುತ್ತಾಳೆ. "ಅರ್ಧಾ ಸೀರಿ ತಗೋರಿ ಗೌಡ್ರ. ನಿಮ್ಮ ಅರ್ಧಾ ಮರ್ಯಾದಿಗೆ ಇಷ್ಟು ಸಾಕಾಗತೈತಿ." ಆ ಮಾತಿಗೆ ಬೀಳುವ ಚಪ್ಪಾಳೆಯನ್ನು ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ.

ಈ ನಾಟಕ ಎರಡು ಸಲ ಸಿನಿಮಾ ಆಗಿದೆ. ಮೊದಲನೆಯದು ಕಪ್ಪು ಬಿಳುಪು. ಅದರಲ್ಲಿ ಹಾಲವ್ವನಾದವರು ಕಂಪನಿಯಲ್ಲೇ ಬೆಳೆದ ವನಿತಾಬಾಯಿ. ಎರಡನೆಯದು ಮೂರು ವರ್ಷದ ಹಿಂದಿನದು. ಅದರ ಹಾಲವ್ವ ಸುಶ್ಮಿತಾ. ಪ್ರಶಸ್ತಿ ಬಂತು, ಊರೂರಲ್ಲಿ ಸನ್ಮಾನವಾಯಿತು.

ನಮ್ಮ ಸಂಘದ ಅಧ್ಯಕ್ಷರೂ ನಿರ್ದೇಶಕರೂ ಆದ ವೀರೇಶ ಅವರದು ಗದುಗಿನಲ್ಲಿ ಸೀರೆ ಅಂಗಡಿ. ಈ ವರ್ಷದ ನಾಟಕ ಸ್ಪರ್ಧೆಗೆ ಇಪ್ಪತ್ತು ದಿನ ಇರುವಾಗ ಅಂಗಡಿಯ ಮೇಲಿನ ಮಾಳಿಗೆಗೆ ನಮ್ಮನ್ನೆಲ್ಲ ಕರೆಸಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಎರಡೂ ಸಿನಿಮಾದ ಕೊನೆಯ ದೃಶ್ಯ ತೋರಿಸಿದರು.

ಮೊದಲು ಸುಶ್ಮಿತಾ. ಏನು ಅಳು, ಏನು ಅಳು! ಎದೆ ಬಡಿದುಕೊಂಡಳು, ಕುಡುಗೋಲು ತಂದು ಮಗ್ಗದ ಮೇಲೆ ಬೀಸಿದಳು. ಎಳೆಗಳೆಲ್ಲ ಹಾರಿದವು, ಚೌಕಟ್ಟು ಮುರಿದುಬಿತ್ತು, ಅವಳು ಅದರ ಮೇಲೆ ಬಿದ್ದು ಹೊರಳಾಡಿದಳು. ನಮ್ಮವರು ಮೂಗು ಒರೆಸಿಕೊಂಡರು. ಗೌಡನ ಪಾತ್ರದ ಹುಲಗಪ್ಪಣ್ಣ ಬಸ್ ಕಂಡಕ್ಟರ್, ದಿನಾ ಸಾವಿರ ಮಂದಿಯನ್ನು ಗದರಿಸುವವರು. ಅವರ ಕಣ್ಣೂ ಒದ್ದೆ.

ಆಮೇಲೆ ವನಿತಾಬಾಯಿ. ಅಳಲಿಲ್ಲ. ಗೌಡನ ಕಡೆ ಒಮ್ಮೆ ನೋಡಿ, ನಮಗೆ ಬೆನ್ನು ಮಾಡಿ ಮಗ್ಗದ ಮುಂದೆ ಕೂತರು. ಕತ್ತರಿಯಿಂದ ಕತ್ತರಿಸುತ್ತ, ಕತ್ತರಿಸಿದ ಎಳೆಗಳನ್ನು ಹಿಡಿ ಹಿಡಿಯಾಗಿ ಹಿಡಿದು ಏನೋ ಮಾಡುತ್ತ ಹೋದರು. ಗೌಡ ನಿಂತೇ ಇದ್ದ. ಎಷ್ಟು ಹೊತ್ತು ಅಂದರೆ, ಯಾರೋ ಆಕಳಿಸಿದರು.

"ನೋಡ್ರಿ, ಗೊಂಬಿ ಕುಂತಂಗ ಕುಂತಾಳ," ಅಂದರು ವೀರೇಶ. "ಮುಖಾನs ತೋರಿಸವಲ್ಲಳು. ಆಗಿನ ಕಾಲದಾಗ ಅಭಿನಯ ಅಂದ್ರ ಇಷ್ಟs ಇತ್ತು."

ನನ್ನ ಮೈ ಉರಿಯಿತು. "ಆಕಿ ಕೈಯಾಗ ಏನ ಮಾಡಾಕತ್ತಾಳ ನೋಡಿದ್ರೇನ್ರಿ?"

"ಏನ ಮಾಡತಾಳ? ಕೆಲಸಿಲ್ಲದ ಕೆಲಸ."

ವನಿತಾಬಾಯಿ ಗಂಟು ಕಟ್ಟುತ್ತಿದ್ದರು. ಮಗ್ಗದಿಂದ ಬಟ್ಟೆ ಕೊಯ್ಯುವಾಗ ನಾವು ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಹಣಿಗೆಯ ಮುಂದೆ ಒಂದು ಗೇಣು ಹಾಸು, ಅಂದರೆ ಉದ್ದದ ಎಳೆ, ಬಿಟ್ಟು ಕೊಯ್ಯುತ್ತೇವೆ. ಆ ತುದಿಗಳು ಹಣಿಗೆಯ ಹಲ್ಲಿನಿಂದ ಹಿಂದೆ ಜಾರದ ಹಾಗೆ ಹಿಡಿ ಹಿಡಿಯಾಗಿ ಗಂಟು ಹಾಕುತ್ತೇವೆ. ಗಂಟಿದ್ದರೆ ನಾಳೆ ಕೂತು ಅದೇ ಹಾಸಿನಲ್ಲಿ ಮುಂದೆ ನೇಯಬಹುದು, ಹಾಸು ತೀರಿದರೆ ಹೊಸ ಹಾಸನ್ನು ಅದೇ ತುದಿಗಳಿಗೆ ಜೋಡಿಸಬಹುದು. ಜಾರಿದರೆ ಸಾವಿರಾರು ಎಳೆಗಳನ್ನು ಒಂದೊಂದಾಗಿ ಮತ್ತೆ ಪೋಣಿಸಬೇಕು. ಹಾಲವ್ವ ಸೀರೆ ಕೊಯ್ಯುತ್ತಾಳೆ, ಮಗ್ಗ ಬಿಡುವುದಿಲ್ಲ. ಎದುರಿಗೆ ಗೌಡ ನಿಂತಿರುವಾಗಲೇ ನಾಳೆಯ ನೇಯ್ಗೆಗೆ ಗಂಟು ಹಾಕುತ್ತಾಳೆ. ಇದಕ್ಕಿಂತ ದೊಡ್ಡ ಸೊಕ್ಕು ಯಾವುದಿದೆ? ಮಗ್ಗ ಮುರಿದುಕೊಂಡು ಅಳುವವಳನ್ನು ಕಂಡರೆ ಗೌಡನಿಗೆ ಖುಷಿಯೇ ಆಗುತ್ತದೆ.

ಇದನ್ನೆಲ್ಲ ಹೇಳಿದೆ. ವೀರೇಶ ನಕ್ಕರು. "ನಾಗರತ್ನಾ, ನಿಮ್ಮ ಮಗ್ಗದ ಪುರಾಣ ಮಂದಿಗೆ ಯಾಕ ಬೇಕು? ಸುಶ್ಮಿತಾ ಮಾಡಿದಂಗ ಮಾಡ್ರಿ. ಆಗೂದಿಲ್ಲಂದ್ರ ಈಗs ಹೇಳ್ರಿ, ಹುಬ್ಬಳ್ಳಿಯಿಂದ ಒಬ್ಬಾಕೀನ ಕರಸ್ತೀನಿ."

ಮೂವತ್ತು ವರ್ಷ ಸೀರೆ ಮಾರಿದ ಮನುಷ್ಯ, ಒಂದು ದಿನ ಮಗ್ಗದ ಮುಂದೆ ಕೂತವರಲ್ಲ. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡು "ಆತ್ರಿ" ಅಂದೆ. ಸುಳ್ಳೇ ಹೇಳಿದೆ, ಅದಕ್ಕೆ ಈಗಲೂ ಬೇಸರವಿಲ್ಲ.

ಮನೆಗೆ ಬಂದು ಎರಡೂ ದೃಶ್ಯವನ್ನು ಮೊಬೈಲಿನಲ್ಲಿ ಅತ್ತೆ ಸಾವಂತ್ರೆವ್ವನಿಗೆ ತೋರಿಸಿದೆ. ಎಪ್ಪತ್ತಾರು ವರ್ಷದ ಅತ್ತೆ ನನಗೆ ನೇಯ್ಗೆ ಕಲಿಸಿದವಳು. ಸುಶ್ಮಿತಾ ಕುಡುಗೋಲು ಬೀಸಿದಾಗ "ಅಯ್ಯs, ಪಾಪ, ಆ ಮಗ್ಗ ಯಾರದೋ ಏನೋ!" ಅಂದಳು. ವನಿತಾಬಾಯಿ ಬಂದಾಗ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದಳು. "ಈಕಿ ಯಾರ ಕೈಯಾಗರ ಕಲ್ತಾಳ, ನೋಡು. ಗಂಟು ಬಿಗಿ ಬಿದ್ದಾವ."

ನನಗೆ ಅಷ್ಟು ಸಾಕಿತ್ತು.

ತಾಲೀಮಿನಲ್ಲಿ ನಾನು ಚೆನ್ನಾಗಿಯೇ ಅಳುತ್ತಿದ್ದೆ. ಮಗ್ಗ ನಮ್ಮದೇ, ಮನೆಯ ಹಿತ್ತಲಿನ ಹಳೆಯ ಚೌಕಟ್ಟಿನ ಮಗ್ಗ. ಹಾಸು ಹೂಡಿ ಅರ್ಧ ಸೀರೆಯನ್ನು ನಿಜವಾಗಿ ನೇಯ್ದಿದ್ದೆ. ಕೊಯ್ಯುವುದು ಒಂದೇ ಸಲ ಆದ್ದರಿಂದ ತಾಲೀಮಿನಲ್ಲಿ ಬರೀ ಕೈ ಆಡಿಸುವುದು. ಹೀಗಾಗಿ ನನ್ನ ಹೊಟ್ಟೆಯೊಳಗಿನ ಗುಟ್ಟು ಯಾರಿಗೂ ಗೊತ್ತಾಗಲಿಲ್ಲ.

ಸ್ಪರ್ಧೆ ಭಾನುವಾರ ಸಂಜೆ ಐದಕ್ಕೆ, ಗದುಗಿನಲ್ಲೇ. ಮುಂದೆ ತೀರ್ಪುಗಾರರು, ಅವರ ಹಿಂದೆ ಎರಡು ಸಾಲು ನಮ್ಮ ಓಣಿಯ ಹೆಂಗಸರು, ನಡುವೆ ಅತ್ತೆ. ಕೊನೆಯ ದೃಶ್ಯಕ್ಕೆ ಮುಂಚೆ ವೀರೇಶ ನನ್ನ ಕಣ್ಣಿಗೆ ಗ್ಲಿಸರಿನ್ ಹಚ್ಚಲು ಬಂದರು. ನಾನು ಹಚ್ಚಿಕೊಂಡು, ಅವರು ಆ ಕಡೆ ತಿರುಗಿದ ಕೂಡಲೇ ಸೆರಗಿನಿಂದ ಒರೆಸಿಕೊಂಡೆ. ಕುಡುಗೋಲನ್ನು ಪರದೆಯ ಹಿಂದೆ ಇಟ್ಟು ಸೊಂಟದಲ್ಲಿ ಕತ್ತರಿ ಸಿಕ್ಕಿಸಿಕೊಂಡೆ.

ಹುಲಗಪ್ಪಣ್ಣ ಮೀಸೆ ತಿರುವುತ್ತ ಮೈದುನನ ಹೆಸರಿನ ಮಾತಾಡಿದರು. ನಾನು ಅವರನ್ನು ಒಮ್ಮೆ ನೋಡಿ ಮಗ್ಗದ ಮುಂದೆ ಕೂತೆ. ಗೇಣು ಅಳತೆ ಬಿಟ್ಟು ಕತ್ತರಿ ಹಾಕಿದೆ. ಒಂದು ಹಿಡಿ ಕೊಯ್ದೆ, ಗಂಟು ಹಾಕಿದೆ. ಮತ್ತೊಂದು ಹಿಡಿ. ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹೊಡೆದರು. ಪಕ್ಕದ ಪರದೆಯಿಂದ ವೀರೇಶ ಹಲ್ಲು ಕಡಿಯುತ್ತ "ಅಳ್ರಿ! ಅಳ್ರಿ!" ಅನ್ನುತ್ತಿದ್ದರು. ಅವರ ಆ ಪಿಸುಮಾತಿನ ಗಡಿಬಿಡಿಯಲ್ಲಿ ಅಂಚಿನ ಹಿಡಿಯೊಂದನ್ನು ಕೊಯ್ದು, ಗಂಟು ಹಾಕದೆ ಎದ್ದುಬಿಟ್ಟೆ. ಸೀರೆಯನ್ನು ಗೌಡನ ಹೆಗಲ ಮೇಲೆ ಹಾಕಿದೆ, ಮಾತು ಹೇಳಲು ಬಾಯಿ ತೆರೆದೆ.

"ಏ ನಾಗೂ!" ಎರಡನೆಯ ಸಾಲಿನಿಂದ ಅತ್ತೆ ಕೂಗಿದಳು. "ಅಂಚಿನ ಹಿಡಿ ಬಿಟ್ಟೆಲ್ಲ! ಹಣಗಿ ಒಳಗ ಜಾರತಾವ ನೋಡು!"

ಅವಳಿಗೆ ನಾಟಕ ಮರೆತುಹೋಗಿತ್ತು. ಕಣ್ಣ ಮುಂದೆ ಬರೀ ಮಗ್ಗವಿತ್ತು. ಅಕ್ಕಪಕ್ಕದ ಹೆಂಗಸರೂ "ಹೌದವ್ವಾ, ಬಿಟ್ಟಾಳ, ಬಿಟ್ಟಾಳ" ಅಂತ ಎದ್ದು ನಿಂತರು. ಯಾರೂ ನಗಲಿಲ್ಲ.

ನಾನು ತಿರುಗಿ ಹೋದೆ. ಕೂತೆ. ಅಂಚಿನ ಹಿಡಿ ಹಿಡಿದು, ಎಳೆ ಸರಿಮಾಡಿ, ಬಿಗಿದು ಗಂಟು ಹಾಕಿದೆ. ಅಷ್ಟು ಹೊತ್ತೂ ಗೌಡ ಹೆಗಲ ಮೇಲೆ ಅರ್ಧ ಸೀರೆ ಹೊತ್ತು ನಿಂತಿದ್ದ. ಆಮೇಲೆ ಎದ್ದು, ಅರ್ಧ ಮರ್ಯಾದೆಯ ಮಾತು ಹೇಳಿದೆ. ಅಷ್ಟಕ್ಕೇ ಬಾಯಿ ನಿಲ್ಲಲಿಲ್ಲ.

"ಇನ್ನೂ ಯಾಕ ನಿಂತೀರಿ? ನನಗ ಕೆಲಸೈತಿ. ಬಾಗಲಾ ಬಿಡ್ರಿ."

ಹುಲಗಪ್ಪಣ್ಣನಿಗೆ ಇನ್ನೂ ಆರು ಸಾಲು ಗರ್ಜನೆ ಇತ್ತು. ಒಂದನ್ನೂ ಹೇಳಲಿಲ್ಲ. ತಲೆ ತಗ್ಗಿಸಿ ಹೊರಟುಹೋದರು. ಚಪ್ಪಾಳೆ ಎರಡನೆಯ ಸಾಲಿನಲ್ಲಿ ಶುರುವಾಯಿತು, ಸೀಟಿ ಹೊಡೆದವರ ತನಕ ಹೋಯಿತು.

ಬಹುಮಾನ ಬರಲಿಲ್ಲ. 'ನಾಯಕಿಯಲ್ಲಿ ಭಾವ ಸಾಲದು' ಅಂತ ತೀರ್ಪುಗಾರರು ಬರೆದಿದ್ದರು. ಬಣ್ಣದ ಕೋಣೆಯಲ್ಲಿ ವೀರೇಶ ಆ ಹಾಳೆಯನ್ನು ನನ್ನ ಮುಖದ ಮುಂದೆ ಹಿಡಿದರು.

"ಓದ್ರಿ. ನಿಮ್ಮ ಹಟಕ್ಕ ಸಂಘದ ಮಾನಾ ಹೋತು. ಮುಂದಿನ ಮುಂಡರಗಿ ಪ್ರಯೋಗಕ್ಕ ಹುಬ್ಬಳ್ಳಿಯಾಕಿನs ಹಾಲವ್ವ, ಗೊತ್ತಾತಿಲ್ಲೋ?"

ಹುಲಗಪ್ಪಣ್ಣ ಮೀಸೆ ಕೀಳುತ್ತ ಮೂಲೆಯಲ್ಲಿ ಕೂತಿದ್ದರು. "ವೀರೇಶಣ್ಣಾರ, ತಾಲೀಮಿನಾಗ ಈಕಿ ಅಳೂ ಮುಂದ ನನಗ ಭಾಳ ಸಸಾರ ಇತ್ತರಿ. ಎದಿ ಉಬ್ಬಿಸಿ ನಿಂದರತಿದ್ದೆ. ಇವತ್ತ ಆ ಸೀರಿ ಹೊತ್ತು ನಿಂತಾಗ ಖರೇನ ನಾಚಿಕಿ ಆತು. ಎಲ್ಲಿ ನೋಡಬೇಕು ತಿಳೀಲಿಲ್ಲ. ಮಾತs ಮರತೆ."

ವೀರೇಶ ಅವರ ಕಡೆ ನೋಡಲಿಲ್ಲ.

ನನಗೆ ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಹನ್ನೊಂದು ವರ್ಷ ಕಾದ ಪಾತ್ರ ಒಂದೇ ಸಂಜೆಗೆ ಹೋಯಿತು. ಆ ಮನುಷ್ಯನ ಮುಂದೆ, ಅವತ್ತು, ಹಾಲವ್ವನ ಸೀರೆ ಉಟ್ಟುಕೊಂಡು ಅಳುವುದಾದರೆ ಮಾಡಿದ್ದೆಲ್ಲ ಯಾಕೆ? ಕತ್ತರಿಯನ್ನು ಚೀಲದಲ್ಲಿ ಹಾಕಿಕೊಂಡೆ. ಹೊರಗೆ ಅತ್ತೆ ಮಗ್ಗವನ್ನು ಗೂಡ್ಸ್ ಆಟೋಕ್ಕೆ ಏರಿಸುವವರಿಗೆ "ಗಂಟು ಬಿಚ್ಚೀತ್ರೋ, ಹಗೂರ!" ಅಂತ ಕೂಗುವುದು ಕೇಳುತ್ತಿತ್ತು.

"ಕರಸ್ರಿ," ಅಂದೆ. "ಮಗ್ಗಾನೂ ಕೊಡತೀನಿ. ಆಕಿಗೆ ಗಂಟು ಹಾಕಾಕ ಬರದಿದ್ರ ಮನಿಗೆ ಕಳಸ್ರಿ, ನಾನೂ ನಮ್ಮತ್ತಿನೂ ಕೂಡಿ ಕಲಸ್ತೀವಿ. ಅಳೂದು ಕಲಿಯಾಕ ಮಾತ್ರ ನಮ್ಮನಿಗೆ ಬರಬ್ಯಾಡ ಅನ್ರಿ."