ಬೋರ್ಡಿಗೆ ಏಳು ಕೈ

ಬಟ್ಟೆ ಗಿರಣಿಯ ಸುರಕ್ಷಾ ಸಮಿತಿಯಲ್ಲಿ ಕೈಯೆತ್ತುವುದು ಎರಡು ಸಲ. ಮೊದಲ ಸಲದ್ದು ಒಳಗಿನವರಿಗೆ. ಅದರಲ್ಲಿ ಯಾವ ಕಡೆ ಗೆದ್ದಿತೋ ಆ ಕಡೆಗೆ ಎರಡನೇ ಸಲ ಎಲ್ಲರೂ ಎತ್ತಬೇಕು. ನೋಟಿಸ್ ಬೋರ್ಡಿಗೆ ಹೋಗುವುದು ಅದೊಂದೇ. ಮನೆ ಜಗಳ ಬೀದಿಗೆ ಬೀಳಬಾರದು ಅನ್ನುವ ಹಳೆಯ ರೂಢಿ.

ಆ ಬೆಳಿಗ್ಗೆ ಇದ್ದ ಪ್ರಶ್ನೆ ಮೂರನೇ ಬಾಯ್ಲರಿನದು: ರಿಪೇರಿ ಮಾಡಿಸದೆ ಇನ್ನೊಂದು ತಿಂಗಳು ಓಡಿಸಬಹುದೇ? ಹೂಂ ಅಂದವರು ನಾಲ್ವರು, ಬೇಡ ಅಂದವರು ಮೂವರು. ಬೇಡ ಅಂದವರಲ್ಲಿ ಫಿಟ್ಟರ್ ಒಬ್ಬ. ಬಾಯ್ಲರಿನ ಬೆಸುಗೆಯಲ್ಲಿದ್ದ ಕೂದಲೆಳೆಯಷ್ಟು ಬಿರುಕನ್ನು ಅವನು ಕೈಯಾರೆ ತಡವಿ ನೋಡಿದ್ದ. ಗೋಡೆಯಾಚೆ, ಬಣ್ಣದ ತೊಟ್ಟಿಯ ಹತ್ತಿರ, ಅವನ ಮಗಳಿಗೆ ಕೆಲಸ.

"ಸರಿ, ಈಗ ಬೋರ್ಡಿಗೆ," ಅಂದ ಸಮಿತಿ ನಡೆಸುವ ಮೇಸ್ತ್ರಿ. ಫಿಟ್ಟರನದು ಬಿಟ್ಟು ಆರು ಕೈ ಮೇಲೆದ್ದವು. "ಏನಪ್ಪಾ, ನಿನ್ನ ಕೈ ಉಳುಕಿದೆಯಾ?"

ಎಲ್ಲರೂ ನಕ್ಕರು. ಇಪ್ಪತ್ತು ವರ್ಷ ಒಟ್ಟಿಗೆ ಕೂತು ಉಂಡವರು. ಫಿಟ್ಟರ್ ಕೈಯೆತ್ತಿದ.

ಬಾಯ್ಲರಿಗೆ ಹೆದರಿ ಬಣ್ಣದ ವಿಭಾಗದವರು ಎರಡು ದಿನದಿಂದ ಗೇಟಿನ ಹೊರಗೇ ಕೂತಿದ್ದರು. ಮಧ್ಯಾಹ್ನ ಬೋರ್ಡು ಓದಿದರು. ಬಟ್ಟೆಯ ಧೂಳು ಕೊಡವಿಕೊಂಡು ಒಬ್ಬೊಬ್ಬರಾಗಿ ಎದ್ದರು.

ಫಿಟ್ಟರ್ ಮಗಳ ತೋಳು ಹಿಡಿದ. "ಇವತ್ತು ಬೇಡ ಕಣೇ, ಮನೆಗೆ ನಡಿ."

"ಯಾಕಪ್ಪಾ? ಏಳಕ್ಕೆ ಏಳು ಅಂತ ಬರೆದಿದ್ದಾರಲ್ಲ. ನಾಲ್ಕು-ಮೂರು ಅಂತಿದ್ರೆ ನಾವ್ಯಾರೂ ಜಾಗ ಬಿಟ್ಟು ಏಳ್ತಾನೇ ಇರ್ಲಿಲ್ಲ."

"ನಾಲ್ಕು-ಮೂರೇ ಇದ್ದಿದ್ದು."

ಅವಳು ಅವನ ಮುಖ ನೋಡಿದಳು. "ನೀನು ಕೈ ಎತ್ತಿದ್ಯೋ ಇಲ್ವೋ?"

"ಎತ್ತಿದೆ."

"ಮತ್ತೆ? ಬೇರೆಯವರ ಮಕ್ಕಳು ಒಳಗೆ, ನಿನ್ನ ಮಗಳು ಮಾತ್ರ ಮನೆಗಾ? ನಾಳೆ ಇವರ ಮುಖ ಹೇಗಪ್ಪಾ ನೋಡ್ಲಿ?" ತೋಳು ಬಿಡಿಸಿಕೊಂಡು ಅವಳು ಗುಂಪಿನಲ್ಲಿ ಸೇರಿಹೋದಳು.

ಫಿಟ್ಟರ್ ಬಾಯ್ಲರ್ ಕೋಣೆಗೆ ಓಡಿದ. ಬೆಂಕಿ ಆಗಲೇ ಹೊತ್ತಿಕೊಂಡಿತ್ತು.

"ಆರಿಸು!"

ಉರಿ ನೋಡಿಕೊಳ್ಳುವವನು ಕದಲಲಿಲ್ಲ, ಅವನಿಗೂ ಒಲೆಯ ಬಾಗಿಲಿಗೂ ನಡುವೆ ಅಡ್ಡ ನಿಂತ. "ತಮಾಷೆನಾ ಅಣ್ಣಾ? ಏಳು ಜನ ಒಪ್ಪಿದ್ದನ್ನ ಒಬ್ಬ ಬಂದು ಆರಿಸು ಅಂದ್ರೆ ಆಗುತ್ತಾ? ಹೋಗಿ ಉಳಿದ ಆರು ಜನರನ್ನ ಕರ್ಕೊಂಡು ಬಾ."

ಸಮಿತಿಯ ಕೋಣೆ ಗಿರಣಿಯ ಆ ತುದಿಯಲ್ಲಿತ್ತು. ಫಿಟ್ಟರನ ಬೆನ್ನ ಹಿಂದೆ, ಗೋಡೆಯಾಚೆ, ತೊಟ್ಟಿಗೆ ನೀರು ಬೀಳುವ ಸದ್ದು ಶುರುವಾಯಿತು. ಬಾಯ್ಲರಿನ ಒತ್ತಡ ತೋರಿಸುವ ಮುಳ್ಳು ಸೊನ್ನೆಯನ್ನು ಬಿಟ್ಟು ಮೆಲ್ಲಗೆ ಮೇಲೆದ್ದಿತು.