ಕೋವಿಯ ರಹದಾರಿ

ಕಾನ್‌ಸ್ಟೇಬಲ್ ಕೋವಿಯನ್ನು ಮೇಜಿನ ಮೇಲಿಟ್ಟು, ಅದರ ನಂಬರನ್ನು ಎರಡು ಸಲ ಓದಿ, ರಿಜಿಸ್ಟರಿನಲ್ಲಿ ಸುಕನ್ಯಾಳ ಸಹಿ ಹಾಕಿಸಿಕೊಂಡಾಗ ಬೆಳಿಗ್ಗೆ ಒಂಬತ್ತೂವರೆ. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ಆ ಜೋಡುನಳಿಗೆ ಕೋವಿ ಬಂದಡ್ಕದ ಹತ್ತಿರದ ಆ ಠಾಣೆಯಲ್ಲೇ ಬಿದ್ದಿತ್ತು. ಸುಕನ್ಯಾ ನಳಿಗೆಯನ್ನೂ ಹಿಡಿಯನ್ನೂ ಬೇರೆ ಬೇರೆ ಮಾಡಿ, ಎರಡನ್ನೂ ಹಳೆಯ ಜಮಖಾನೆಯಲ್ಲಿ ಸುತ್ತಿ, ಉದ್ದನೆಯ ಕ್ಯಾನ್ವಾಸ್ ಚೀಲಕ್ಕೆ ಹಾಕಿದಳು.

ಅವಳು ಹುಟ್ಟಿದ್ದು ಅಲ್ಲೇ, ಗಡಿಯ ಆ ಕಡೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ರಾಜ್ಯ ಕೇರಳ. ಇಪ್ಪತ್ತೆರಡಕ್ಕೆ ಮದುವೆಯಾಗಿ ಕಳಸದ ಹತ್ತಿರದ ಸಂಸೆಗೆ ಬಂದವಳಿಗೆ ಈಗ ನಲವತ್ತೆಂಟು. ಗಂಡ ದಯಾನಂದ ಹೋಗಿ ಮೂರು ವರ್ಷ. ಮೂರು ಎಕರೆ ಕಾಫಿ, ಒಂದಿಷ್ಟು ಅಡಿಕೆ, ಬಾಳೆ ಎಲ್ಲವನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಹಿಂದಿನ ವರ್ಷ ನೆಟ್ಟ ಇನ್ನೂರು ಅಡಿಕೆ ಸಸಿಯಲ್ಲಿ ಹಂದಿಗಳು ಉಳಿಸಿದ್ದು ನಲವತ್ತು. ಅಪ್ಪನ ಕೋವಿಯನ್ನು ಕಾಸರಗೋಡಿನಲ್ಲಿದ್ದ ಅಣ್ಣ ಬೇಡವೆಂದಾಗ ಅವಳು ತನ್ನ ಹೆಸರಿಗೆ ಬೆಳೆ ರಕ್ಷಣೆಯ ಲೈಸೆನ್ಸು ಕೇಳಿ ಚಿಕ್ಕಮಗಳೂರಿಗೆ ಅರ್ಜಿ ಹಾಕಿದಳು. ಡಿ.ಸಿ. ಆಫೀಸಿಗೆ ತಿರುಗಿ ತಿರುಗಿ ಎರಡು ಜೊತೆ ಚಪ್ಪಲಿ ಸವೆದವು. ಕೊನೆಗೆ 2003ರ ಮಾರ್ಚಿನಲ್ಲಿ ಲೈಸೆನ್ಸೂ ಬಂತು, ಕೋವಿಯನ್ನು ಕೇರಳದಿಂದ ಕರ್ನಾಟಕಕ್ಕೆ ತರುವ ರಹದಾರಿಯೂ ಬಂತು. ಏಳು ದಿನದೊಳಗೆ ತಂದು ಕಳಸ ಠಾಣೆಯಲ್ಲಿ ತೋರಿಸಬೇಕು ಎಂದು ಅದರಲ್ಲಿ ಬರೆದಿತ್ತು. ಐದು ದಿನ ಆಗಲೇ ಕಳೆದಿದ್ದವು.

ಜೊತೆಗೆ ಬಂದವನು ಮೈದುನ ಮಲ್ಲಿಕಾರ್ಜುನ. ಮೂವತ್ತೈದರ ಗಂಡಸು, ಪಕ್ಕದ ಮನೆಯಲ್ಲೇ ಹೆಂಡತಿ ಮಕ್ಕಳೊಂದಿಗೆ ಇದ್ದ; ಮಗಳು ಮೇಘಶ್ರೀ ದೊಡ್ಡಪ್ಪ ದಯಾನಂದನ ತೊಡೆಯ ಮೇಲೇ ಬೆಳೆದವಳು. ಠಾಣೆಯಿಂದ ಹೊರಗೆ ಬಂದ ಕೂಡಲೇ ಅವನು ಅತ್ತ ಇತ್ತ ನೋಡಿದ.

"ಅತ್ತಿಗೆ, ಇದನ್ನ ಹೀಗೆ ಕೈಯಲ್ಲಿ ಹಿಡ್ಕೊಂಡು ಹೋಗೋದು ಬೇಡ. ಇಲ್ಲೇ ಅಂಗಡಿಯಿಂದ ಒಂದು ಅಕ್ಕಿ ಚೀಲ ಇಸ್ಕೊಂಡು ಅದರೊಳಗೆ ತೂರಿಸೋಣ. ಯಾರೂ ಕೇಳಲ್ಲ."

"ಕೇಳಲಿ ಮಾರಾಯ. ಕೇಳಿದ್ರೆ ತೋರ್ಸೋಕೆ ಕಾಗದ ಇದೆಯಲ್ಲ?"

"ಕಾಗದ ಇದ್ರೂ ಕೋವಿ ಕೋವಿನೇ."

ಸುಕನ್ಯಾ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಾಡಿಗೆ ಜೀಪಿನತ್ತ ನಡೆದಳು.

ಸುಳ್ಯಕ್ಕೆ ಹೋಗುವ ಜೀಪಿನಲ್ಲಿ ಹನ್ನೊಂದು ಜನ. ಗಡಿ ದಾಟಿದ್ದೇ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಸಾರಾಯಿ ಸಾಗಿಸುವವರನ್ನು ಹುಡುಕುತ್ತಿದ್ದರಂತೆ. ಒಬ್ಬೊಬ್ಬರ ಚೀಲವನ್ನೂ ಮುಟ್ಟಿ ನೋಡುತ್ತ ಬಂದವನು ಕ್ಯಾನ್ವಾಸ್ ಚೀಲಕ್ಕೆ ಲಾಠಿ ತಾಗಿಸಿದ. ಒಳಗಿನಿಂದ ಕಬ್ಬಿಣದ ಸದ್ದು ಬಂತು.

"ಎಂತ ಇದು?"

"ಕೋವಿ ಸಾರ್. ಲೈಸೆನ್ಸ್ ಇದೆ."

ಪಕ್ಕದಲ್ಲಿ ಕೂತಿದ್ದ ಹೆಂಗಸು ಮಗುವನ್ನು ಆ ಕಡೆಯ ತೊಡೆಗೆ ಎತ್ತಿಕೊಂಡಳು. ಮಲ್ಲಿಕಾರ್ಜುನ ತನಗೂ ಇವಳಿಗೂ ಸಂಬಂಧವಿಲ್ಲ ಎನ್ನುವಂತೆ ರಸ್ತೆ ನೋಡತೊಡಗಿದ.

ಪೊಲೀಸ್ ಅವಳನ್ನು ಕೆಳಗಿಳಿಸಿದ. ಲೈಸೆನ್ಸು ಓದಿದ, ರಹದಾರಿ ಓದಿದ. ಠಾಣೆಯವರು ಕೊಟ್ಟಿದ್ದ ಪತ್ರ ಮಾತ್ರ ಮಲಯಾಳದಲ್ಲಿತ್ತು. ಅದನ್ನು ತಲೆಕೆಳಗು ಹಿಡಿದು ನೋಡಿ, ಮತ್ತೆ ಸರಿ ಹಿಡಿದು, ಅವಳ ಕೈಗೇ ಕೊಟ್ಟ. "ಇದರಲ್ಲಿ ಎಂತ ಬರೆದಿದ್ದಾರೆ, ನೀವೇ ಓದಿ ಹೇಳಿ."

ಅವಳು ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳಿದಳು. ತಾನು ಹೇಳುತ್ತಿರುವುದನ್ನು ಇವನು ನಂಬಬೇಕಾದರೆ ತನ್ನ ಮುಖವನ್ನು ಮಾತ್ರ ನೋಡಬೇಕು ಎಂದು ಅವಳಿಗೆ ಹೊಳೆಯಿತು. ಅವನು ಕೋವಿಯ ನಂಬರನ್ನು ಪತ್ರದಲ್ಲಿದ್ದ ಅಂಕಿಗಳ ಜೊತೆ ಹೋಲಿಸಿ ನೋಡಿದ ಮೇಲೆ ನಿರಾಳನಾದ.

"ಹೆಂಗಸರಿಗೆ ಎಂತಕ್ಕೆ ಮಾರಾಯ್ರೇ ಇದೆಲ್ಲ?"

"ತೋಟಕ್ಕೆ ಬರೋ ಹಂದಿ ಗಂಡ್ಸು ಯಾರು, ಹೆಂಗ್ಸು ಯಾರು ಅಂತ ನೋಡಲ್ಲ ಸಾರ್."

ಅವನು ನಕ್ಕು ಕೈ ಬೀಸಿದ. ಜೀಪು ಹೊರಟ ಮೇಲೆ ಅವಳು ಮೂರು ಕಾಗದಗಳನ್ನೂ ಮತ್ತೆ ಎಣಿಸಿ ಮಡಿಸಿಟ್ಟಳು.

ಸುಳ್ಯ, ಪುತ್ತೂರು, ಉಪ್ಪಿನಂಗಡಿ ದಾಟಿ ಗುರುವಾಯನಕೆರೆಗೆ ಬಂದಾಗ ಗಂಟೆ ಎರಡು. ಅಲ್ಲಿ ಗೊತ್ತಾಯಿತು, ಚಾರ್ಮಾಡಿ ಘಾಟಿಯಲ್ಲಿ ಲಾರಿಯೊಂದು ಅಡ್ಡ ಮಗುಚಿ ರಸ್ತೆ ಬಂದ್ ಆಗಿದೆ. ಯಾವಾಗ ತೆರವಾಗುತ್ತದೋ ಯಾರಿಗೂ ತಿಳಿಯದು. ಮಲ್ಲಿಕಾರ್ಜುನ ಬಸ್ ಸ್ಟ್ಯಾಂಡಿನ ಉದ್ದಕ್ಕೂ ನಾಲ್ಕು ಸಲ ಹೋಗಿ ಬಂದ. "ಬಜಗೋಳಿಗೆ ಹೋಗಿ ಕುದುರೆಮುಖದ ಮೇಲೆ ಹೋಗೋ ಬಸ್ ಹಿಡಿಯೋಣ. ಸಂಜೆಯೊಳಗೆ ಮನೆ," ಎಂದ. ಸುಕನ್ಯಾ ಒಪ್ಪಿದಳು. ಇನ್ನೊಂದು ರಾತ್ರಿ ಈ ಚೀಲವನ್ನು ಎಲ್ಲಿಟ್ಟು ಮಲಗುವುದು ಎಂಬ ಯೋಚನೆಯೇ ಅವಳಿಗೆ ಸಾಕಾಗಿತ್ತು.

ಬಜಗೋಳಿಯಲ್ಲಿ ಹತ್ತಿದ ಬಸ್ಸು ತುಂಬಿತ್ತು. ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ಚೀಲವನ್ನು ಎರಡು ಕಾಲಿನ ನಡುವೆ ನಿಲ್ಲಿಸಿಕೊಂಡು, ತಿರುವಿಗೊಮ್ಮೆ ಅದು ಜಾರದಂತೆ ಮಂಡಿಯಿಂದ ಒತ್ತಿ ಹಿಡಿದಳು. ಯಾರಾದರೂ ತಿರುಗಿ ನೋಡಿದರೆ ಚೀಲವನ್ನೇ ನೋಡಿದಂತೆ ಅನಿಸುತ್ತಿತ್ತು. ಆ ವರ್ಷ ಘಾಟಿಯ ಮೇಲಿನ ಕಾಡಿನಲ್ಲಿ ಬಂದೂಕು ಹಿಡಿದ ಹೊರಗಿನವರು ಓಡಾಡುತ್ತಾರೆ ಎಂಬ ಸುದ್ದಿ ಇತ್ತು. ಪೊಲೀಸ್ ಜೀಪುಗಳೂ ಹೆಚ್ಚಾಗಿದ್ದವು.

ಕಾಡು ಶುರುವಾಗುವಲ್ಲಿ ಅರಣ್ಯ ಇಲಾಖೆಯ ಗೇಟು. ಬಸ್ಸು ನಿಂತಿತು. ವಯಸ್ಸಾದ ಗಾರ್ಡ್ ಒಬ್ಬ ಮುಂದಿನ ಬಾಗಿಲಿನಿಂದ ಹತ್ತಿ, ಮರದ ನಾಟಾ, ಮಾಂಸ, ಬೆಂಕಿ ಹಚ್ಚುವ ಸಾಮಾನು ಏನಾದರೂ ಇದೆಯೇ ಎಂದು ದಿನವೂ ಕೇಳುವವರ ಹಾಗೆ ಕೇಳಿದ. ಅರ್ಧ ಬಸ್ಸಿನವರೆಗೆ ಬಂದು ಅವನು ಹಿಂದೆ ತಿರುಗಿದ.

ಸುಕನ್ಯಾ ಎದ್ದು ನಿಂತಳು.

"ನನ್ನ ಹತ್ರ ಕೋವಿ ಇದೆ."

ಮಲ್ಲಿಕಾರ್ಜುನ ಅವಳ ಸೆರಗು ಹಿಡಿದು ಎಳೆದ. ತಡವಾಗಿತ್ತು. ಗಾರ್ಡ್ ಹತ್ತಿರ ಬಂದು ಕಾಗದಗಳನ್ನು ಒಂದೊಂದಾಗಿ, ಕನ್ನಡಕ ಹಣೆಗೇರಿಸಿ ಓದಿದ. ಕಂಡಕ್ಟರ್ ಗಡಿಯಾರ ನೋಡಿದ. ಬಸ್ಸಿನಲ್ಲಿ ಗುಸುಗುಸು ಎದ್ದಿತು.

"ನಿಮ್ಮ ಕಾಗದ ಎಲ್ಲ ಸರಿ ಇದೆಯಮ್ಮ," ಎಂದ ಗಾರ್ಡ್. "ಆದ್ರೆ ಇದು ನ್ಯಾಷನಲ್ ಪಾರ್ಕು. ಆಯುಧ ಒಳಗೆ ಬಿಡ್ಬೇಕಾದ್ರೆ ನಮ್ಮ ಇಲಾಖೆಯ ಬೇರೆ ಪರ್ಮಿಶನ್ ಬೇಕು. ಅದು ಬೆಂಗಳೂರಿಂದ ಬರ್ಬೇಕು."

"ನಾನು ಬಸ್ಸಿಂದ ಕೆಳಗೇ ಇಳಿಯಲ್ಲ. ಸೀದಾ ಸಂಸೆ."

"ನಂಗೆ ಗೊತ್ತಾಗದೆ ಹೋಗಿದ್ರೆ ಬೇರೆ ವಿಷಯ. ಈಗ ಗೊತ್ತಾಯ್ತಲ್ಲ. ಬಿಟ್ರೆ ನನ್ನ ತಪ್ಪು. ಬೇಜಾರು ಮಾಡ್ಕೋಬೇಡಿ."

ಇಬ್ಬರೂ ಇಳಿದರು. ಬಸ್ಸು ಗೇಟು ದಾಟಿ ತಿರುವಿನಲ್ಲಿ ಮರೆಯಾಯಿತು. ಬಂದ ದಾರಿಗೆ ವಾಪಸು ಹೋಗುವ ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತು. ರಸ್ತೆಯ ಮೋರಿಯ ಕಟ್ಟೆಯ ಮೇಲೆ ಸುಕನ್ಯಾ ಕೂತಳು. ಮಲ್ಲಿಕಾರ್ಜುನ ಕೂರಲಿಲ್ಲ.

"ಅವನು ಇಳೀತಿದ್ದ ಅತ್ತಿಗೆ! ತಿರುಗಿ ಆಗಿತ್ತು! ನೀವು ಬಾಯಿ ಮುಚ್ಕೊಂಡು ಕೂತಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ನಂಗೆ ಗೊತ್ತಿತ್ತಲ್ಲ."

"ಇದೊಳ್ಳೆ ಕಥೆ. ಊರಲ್ಲಿ ಲೈಸೆನ್ಸೇ ಇಲ್ದೆ ಎಷ್ಟು ಕೋವಿ ಇಲ್ಲ? ಯಾರಿಗೆ ಏನಾಗಿದೆ?"

ಸುಕನ್ಯಾ ತಲೆಯೆತ್ತಿ ಅವನನ್ನೇ ನೋಡಿದಳು. ಹೇಳಬಾರದೆಂದು ಹದಿನೈದು ವರ್ಷ ತಡೆದುಕೊಂಡಿದ್ದ ಮಾತೊಂದು ಬಾಯಿಗೆ ಬಂತು. ಬೆಳಿಗ್ಗೆಯಿಂದ ಅನುಭವಿಸಿದ ಕಳವಳದಲ್ಲಿ ಅದನ್ನು ತಡೆಯುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

"ನಿಮ್ಮಣ್ಣನಿಗೆ ಆಯ್ತು," ಎಂದಳು. "ಹುಲ್ಲಿನ ಅಟ್ಟದ ಮೇಲೆ ಆ ಕಳ್ಳಕೋವಿ ಇಟ್ಟವನು ನೀನು ಮಲ್ಲಿ. ನಂಗೆ ಅವತ್ತೇ ಗೊತ್ತಿತ್ತು. ದನಕ್ಕೆ ಹುಲ್ಲು ತೆಗೆಯೋಕೆ ಹೋದಾಗ ನಾನೇ ಕಣ್ಣಾರೆ ನೋಡಿದ್ದೆ."

1988ರಲ್ಲಿ, ಕಾಡಿನಲ್ಲಿ ಕಡವೆ ಹೊಡೆದವರನ್ನು ಹುಡುಕುತ್ತ ಬಂದ ಪೊಲೀಸರಿಗೆ ದಯಾನಂದನ ಕೊಟ್ಟಿಗೆಯ ಅಟ್ಟದಲ್ಲಿ ಲೈಸೆನ್ಸಿಲ್ಲದ ಒಂಟಿನಳಿಗೆ ಕೋವಿ ಸಿಕ್ಕಿತ್ತು. ಯಾರದ್ದು ಎಂದು ಕೇಳಿದಾಗ ದಯಾನಂದ ಒಂದು ಕ್ಷಣವೂ ತಡೆಯದೆ "ನನ್ನದು" ಎಂದಿದ್ದ. ಮಲ್ಲಿಕಾರ್ಜುನನಿಗೆ ಆಗ ಇಪ್ಪತ್ತು. ಕುದುರೆಮುಖದ ಕಬ್ಬಿಣದ ಗಣಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ. ಅವನಿಗೆ ಆ ಕೆಲಸ ಸಿಗಲಿಲ್ಲ. ದಯಾನಂದ ಮಾತ್ರ ಹನ್ನೊಂದು ವರ್ಷ, ವಾಯಿದೆ ಬಂದಾಗಲೆಲ್ಲ ಮೊದಲ ಬಸ್ಸಿಗೆ ಮೂಡಿಗೆರೆಯ ಕೋರ್ಟಿಗೆ ಹೋಗಿ ಬಂದ. ಸಾಕ್ಷಿ ಸಾಲದೆ ಖುಲಾಸೆಯಾದ ಮುಂದಿನ ವರ್ಷವೇ ತೀರಿಕೊಂಡ.

ಮಲ್ಲಿಕಾರ್ಜುನ ಮೋರಿಯ ಇನ್ನೊಂದು ತುದಿಯಲ್ಲಿ ಮೆಲ್ಲಗೆ ಕೂತ.

"ಅಣ್ಣ ಹೇಳಿದ್ನಾ?"

"ಇಲ್ಲ. ಸಾಯೋವರೆಗೂ ನನ್ನದೇ ಅಂದ್ರು. ನನ್ನ ಹತ್ರನೂ. ನಾನೂ ಹೌದು ಅಂತ ಕೇಳಿಸ್ಕೊಂಡೆ."

"ನಾನು ಹೇಳ್ಬೇಕು ಅಂತಿದ್ದೆ ಅತ್ತಿಗೆ. ಮೊದಲನೇ ವಾಯಿದೆಗೇ ಹೇಳ್ಬೇಕು ಅಂತಿದ್ದೆ. ಆಮೇಲೆ ಎರಡನೇದಕ್ಕೆ ಅಂದ್ಕೊಂಡೆ." ಅವನು ಅಂಗೈಯಿಂದ ಮುಖ ಉಜ್ಜಿದ. "ಆಮೇಲೆ ಅಭ್ಯಾಸ ಆಗೋಯ್ತು."

"ನಿನ್ನ ಬೈಯೋಕೆ ಹೇಳಿದ್ದಲ್ಲ. ಇವತ್ತಿಗೂ ಅಂಗಳಕ್ಕೆ ಖಾಕಿ ಬಂದ್ರೆ ಮೊದಲು ಆ ಅಟ್ಟದ ಕಡೆ ನೋಡ್ತೀನಿ. ಇನ್ನೊಂದು ಸಲ ಅದು ನನ್ನಿಂದ ಆಗಲ್ಲ. ಅದಕ್ಕೇ ಎದ್ದು ನಿಂತೆ."

ವಾಪಸು ಬಸ್ಸು ಬಂದಾಗ ಇಬ್ಬರೂ ಹತ್ತಿದರು. ಬೆಳ್ತಂಗಡಿಗೆ ಬಂದು, ಸುಕನ್ಯಾ ಅಲ್ಲಿನ ಪೊಲೀಸರಲ್ಲಿ ಒಂದು ರಾತ್ರಿಯ ಮಟ್ಟಿಗೆ ಕೋವಿ ಇಟ್ಟುಕೊಳ್ಳುವಂತೆ ಕೇಳಿದಳು. ಇಂಥದ್ದನ್ನು ಯಾರೂ ಕೇಳಿದ್ದಿಲ್ಲ ಎಂದು ಗೊಣಗುತ್ತಲೇ ಅವರು ಇಟ್ಟುಕೊಂಡು ರಸೀದಿ ಕೊಟ್ಟರು. ದೂರದ ಸಂಬಂಧಿಕರ ಮನೆಯಲ್ಲಿ ಮಲಗಿದರೂ ಅವಳಿಗೆ ನಿದ್ದೆ ಹತ್ತಲಿಲ್ಲ. ರಹದಾರಿಯಲ್ಲಿ ಉಳಿದ ದಿನ ಇನ್ನೊಂದೇ. ಬೆಳಗಾಗುವ ಮೊದಲೇ ಎದ್ದು ಕೂತಳು.

ಲಾರಿಯನ್ನು ಎತ್ತಿದ್ದರು. ರಸೀದಿ ತೋರಿಸಿ ಕೋವಿ ಬಿಡಿಸಿಕೊಂಡು, ಮೊದಲ ಬಸ್ಸಿಗೆ ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರದಲ್ಲಿ ಇಳಿದು, ಕಳಸದ ಬಸ್ ಹಿಡಿದರು. ಕೊಟ್ಟಿಗೆಹಾರದಲ್ಲಿ ಚೀಲವನ್ನು ಮಲ್ಲಿಕಾರ್ಜುನ ಕೇಳದೆಯೇ ತೆಗೆದುಕೊಂಡು ತನ್ನ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಪಕ್ಕದವನು ಏನು ಎಂದು ಕೇಳಿದಾಗ, "ಕೋವಿ. ನಮ್ಮ ಅತ್ತಿಗೇದು," ಎಂದ.

ಕಳಸದ ಠಾಣೆಯಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ವರ್ಗವಾಗಿ ಬಂದು ಆರು ತಿಂಗಳಾಗಿತ್ತಷ್ಟೆ. ಕೋವಿಯ ನಂಬರು ಬರೆದುಕೊಂಡು, ಮೂರು ಕಡೆ ಸಹಿ ಹಾಕಿಸಿಕೊಂಡು, "ನೀವು ಊರಲ್ಲಿಲ್ಲದಾಗ ಯಾರು ನೋಡ್ಕೋತಾರೆ? ಇವರ ಹೆಸರೂ ಸೇರಿಸ್ಬೇಕು ಅಂದ್ರೆ ಬೇರೆ ಅರ್ಜಿ ಕೊಡಿ," ಎಂದರು.

ಸುಕನ್ಯಾ ಮೈದುನನ ಕಡೆ ನೋಡಿದಳು.

"ನನ್ನ ಹೆಸರು ಬೇಡ ಸಾರ್," ಎಂದ ಮಲ್ಲಿಕಾರ್ಜುನ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮೇಜಿನ ಅಂಚು ಹಿಡಿದುಕೊಂಡು, "ಎಂಬತ್ತೆಂಟರಲ್ಲಿ ನಮ್ಮ ಕೊಟ್ಟಿಗೇಲಿ ಒಂದು ಕೋವಿ ಸಿಕ್ಕಿತ್ತಲ್ಲ, ಅದು ನಂದು ಸಾರ್. ಅಣ್ಣನದ್ದಲ್ಲ," ಎಂದ.

ಇನ್ಸ್‌ಪೆಕ್ಟರ್ ಪೆನ್ನು ಹಿಡಿದ ಕೈ ನಿಲ್ಲಿಸಿದರು. "ಯಾವ ಕೇಸು?"

"ದಯಾನಂದ ಅಂತ. ಖುಲಾಸೆ ಆಗಿದೆ. ಅವರು ಈಗಿಲ್ಲ."

"ಮುಗಿದ ಕೇಸು, ಆಸಾಮಿನೂ ಇಲ್ಲ. ಮತ್ತೆ ನನ್ನ ತಲೆ ಯಾಕ್ರೀ ತಿಂತೀರಿ? ಹೋಗಿ, ಆ ಹೆಂಗಸ್ರನ್ನ ಮನೆಗೆ ಕರ್ಕೊಂಡು ಹೋಗಿ."

ಹೊರಗೆ ಬಂದು ಮಲ್ಲಿಕಾರ್ಜುನ ಮೆಟ್ಟಿಲ ಮೇಲೆ ನಿಂತೇ ಬಿಟ್ಟ. ಇನ್ಸ್‌ಪೆಕ್ಟರ್ ಅವನನ್ನು ಹಿಡಿದು ಕೂರಿಸಲಿಲ್ಲ, ಬರೆದುಕೊಳ್ಳಲೂ ಇಲ್ಲ. ಇಷ್ಟು ವರ್ಷ ಹೆದರಿದ್ದ ಮಾತಿಗೆ ಆ ಕೋಣೆಯಲ್ಲಿ ಕೇಳುವವರೇ ಇರಲಿಲ್ಲ. ಸುಕನ್ಯಾ ಅವನ ಮೊಣಕೈ ಮುಟ್ಟಿ, "ಬಾ, ಜೀಪ್ ಹೊರಡ್ತಿದೆ," ಎಂದಳು.

ಈಡುಗಳನ್ನು, ಅಂದರೆ ತೋಟಾಗಳನ್ನು, ತರಲು ಮತ್ತೊಮ್ಮೆ ಚಿಕ್ಕಮಗಳೂರಿಗೆ ಹೋಗಿ ಬರಬೇಕಾಯಿತು. ಕೋವಿ ಮನೆಗೆ ಬಂದರೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಬೀರುವಿನ ಬೀಗ ಹಾಕಿದೆನೋ ಇಲ್ಲವೋ ಎಂದು ತೋಟದ ಅರ್ಧ ದಾರಿಯಿಂದ ವಾಪಸು ಬರುತ್ತಿದ್ದಳು. ರಸ್ತೆಯಲ್ಲಿ ಜೀಪಿನ ಸದ್ದಾದರೆ ಕಾಗದಗಳಿದ್ದ ಡಬ್ಬಿ ತೆಗೆದು ನೋಡುತ್ತಿದ್ದಳು.

ಕೋವಿ ಮನೆಗೆ ಬಂದ ಹದಿನೈದನೆಯ ದಿನ ಮುಸ್ಸಂಜೆಗೆ ಹಳ್ಳದ ಕಡೆಯಿಂದ ಹಂದಿಗಳು ಬಂದವು. ಬಾಳೆಯ ಬುಡ ಮುರಿಯುವ ಸದ್ದು ಕೇಳಿತು. ಹುಡುಗಿಯಾಗಿದ್ದಾಗ ಅಪ್ಪ ಕಲಿಸಿದಂತೆ ಹಿಡಿಯನ್ನು ಭುಜಕ್ಕೆ ಒತ್ತಿ, ಆಕಾಶಕ್ಕೆ ಒಂದು ಈಡು ಹಾರಿಸಿದಳು. ಭುಜ ಕಿತ್ತು ಬಂದಂತಾಯಿತು. ಹಂದಿಗಳು ನುಗ್ಗಿಕೊಂಡು ಓಡಿದವು, ನಾಯಿಗಳು ಬೊಗಳಿದವು. ಪಕ್ಕದ ಮನೆಯಿಂದ ಮಲ್ಲಿಕಾರ್ಜುನ ಬ್ಯಾಟರಿ ಹಿಡಿದು ಓಡಿ ಬಂದ.

"ಏನಾಯ್ತು? ಪೆಟ್ಟಾಯ್ತಾ?"

"ಇಲ್ಲ. ಹೋದ್ವು."

ಅವನು ಏದುಸಿರು ಬಿಡುತ್ತ ಅಲ್ಲೇ ನಿಂತ. ಬ್ಯಾಟರಿ ಆರಿಸಿ, "ಮನೇಲಿ ಹೇಳ್ದೆ ಅತ್ತಿಗೆ. ಅವಳಿಗೂ, ಮಕ್ಕಳಿಗೂ," ಎಂದ.

"ಏನಂದ್ರು?"

"ಅವಳು ಅತ್ತಳು. ಮೇಘಶ್ರೀ ಮಾತಾಡ್ತಿಲ್ಲ. ದೊಡ್ಡಪ್ಪ ಅಂದ್ರೆ ಅವಳಿಗೆ ಜೀವ ಆಗಿತ್ತಲ್ಲ. ನಾಲ್ಕು ದಿನ ಆಯ್ತು."

ಸುಕನ್ಯಾ ಕೋವಿ ಬಿಚ್ಚಿ ಖಾಲಿ ಈಡನ್ನು ತೆಗೆದಳು. ಮಗು ಮಾತಾಡುತ್ತದೆ ಎಂದು ಹೇಳಬಹುದಿತ್ತು. ಅವಳಿಗೆ ಅದು ಖಾತ್ರಿ ಇರಲಿಲ್ಲ. ಕೆಳಗೆ ಹಳ್ಳದ ಪಕ್ಕದ ಪೊದೆಯಲ್ಲಿ ಮತ್ತೆ ಏನೋ ಸರಿದಾಡಿತು.

"ಆ ಕಡೆ ಬ್ಯಾಟರಿ ಬಿಡು," ಎಂದಳು.